ಆಮೆಗೆ ಬೌಲು ಸಾಲದು, ಬಿಸಿಲೂ ಬೇಕು

ಅಂಗಡಿಯಲ್ಲಿ ನೋಡಿದಾಗ ಅದು ಹತ್ತು ರೂಪಾಯಿ ನಾಣ್ಯಕ್ಕಿಂತ ಒಂಚೂರು ದೊಡ್ಡದು, ಅಷ್ಟೇ. ಜೊತೆಗೆ ಪ್ಲಾಸ್ಟಿಕ್ ತೆಂಗಿನಮರ ಇರುವ ಬೌಲು. "ದಿನಾ ನಾಲ್ಕು ಕಾಳು ಹಾಕಿ ಸರ್, ಸಾಕು" ಅಂದರು ಅಂಗಡಿಯವರು. ನಂಬಿ ತಂದೆವು. ಎರಡೇ ತಿಂಗಳಿಗೆ ಚಿಪ್ಪು ಮೆತ್ತಗಾಯಿತು.

ಮೊದಲು ಆಮೆ ಯಾವುದೆಂದು ನೋಡಿ. ಕಣ್ಣಿನ ಹಿಂದೆ ಕೆಂಪು ಪಟ್ಟಿ ಇದ್ದರೆ ಅದು ಅಮೆರಿಕದ ಮಿಸಿಸಿಪ್ಪಿ ಕಡೆಯ ರೆಡ್ ಇಯರ್ಡ್ ಸ್ಲೈಡರ್. ನಮ್ಮ ನಕ್ಷತ್ರ ಆಮೆ, ಕೆರೆ ಆಮೆಗಳನ್ನು ಮನೆಯಲ್ಲಿ ಇಡುವಂತಿಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ. ಸ್ಲೈಡರ್ 25 ಸೆಂ.ಮೀ.ವರೆಗೂ ಬೆಳೆಯಬಹುದು, 30 ವರ್ಷ ಬದುಕಬಹುದು. ಒಂದನೇ ಕ್ಲಾಸಿನ ಮಗಳಿಗೆ ತಂದುಕೊಟ್ಟರೆ ಅವಳ ಮದುವೆಯ ದಿನವೂ ಅದು ಮನೆಯಲ್ಲೇ ಇರುತ್ತದೆ. ಈಗಲೇ ಯೋಚಿಸಿ. ಆಮೇಲೆ ಬೇಸರವಾಯಿತೆಂದು ಕೆರೆಗೆ ಬಿಟ್ಟರೆ ಅಲ್ಲಿನ ಆಮೆಗಳ ಊಟ, ಜಾಗ ಎರಡಕ್ಕೂ ಕುತ್ತು.

ಇನ್ನು ತೊಟ್ಟಿ. ಚಿಪ್ಪಿನ ಪ್ರತಿ 2.5 ಸೆಂ.ಮೀ. ಉದ್ದಕ್ಕೆ ಸುಮಾರು 40 ಲೀಟರ್ ನೀರು ಎನ್ನುವುದು ಸಾಕುವವರ ಲೆಕ್ಕ. ಗಾಜಿನದೇ ಬೇಕೆಂದಿಲ್ಲ, ದೊಡ್ಡ ಪ್ಲಾಸ್ಟಿಕ್ ಟಬ್ಬೂ ನಡೆಯುತ್ತದೆ. ಒಂದು ಮೂಲೆಯಲ್ಲಿ ಅದು ಹತ್ತಿ ಕೂರಲು ಇಳಿಜಾರಿನ ಒಣ ಜಾಗ ಬೇಕೇ ಬೇಕು. ಮೈ ಪೂರ್ತಿ ಒಣಗದಿದ್ದರೆ ಚಿಪ್ಪಿಗೆ ಫಂಗಸ್ ಹಿಡಿಯುತ್ತದೆ.

ನಾವು ಎಡವಿದ್ದು ಬೆಳಕಿನಲ್ಲಿ. ಬಿಸಿಲಿನಲ್ಲಿರುವ ಯುವಿಬಿ ಎಂಬ ಅತಿನೇರಳೆ ಕಿರಣ ಬಿದ್ದರೆ ಮಾತ್ರ ಆಮೆಯ ಮೈಯಲ್ಲಿ ಡಿ3 ವಿಟಮಿನ್ ತಯಾರಾಗುತ್ತದೆ. ಅದಿಲ್ಲದಿದ್ದರೆ ಎಷ್ಟು ಕ್ಯಾಲ್ಸಿಯಂ ತಿನ್ನಿಸಿದರೂ ಮೈಗೆ ಹತ್ತುವುದಿಲ್ಲ, ಚಿಪ್ಪು ಮೆತ್ತಗಾಗುತ್ತದೆ. ನಾವೋ, ತೊಟ್ಟಿಯನ್ನು ಕಿಟಕಿ ಪಕ್ಕ ಇಟ್ಟು "ಚೆನ್ನಾಗಿ ಬಿಸಿಲು ಬರುತ್ತದೆ" ಅಂದುಕೊಂಡಿದ್ದೆವು. ಕಿಟಕಿಯ ಗಾಜು ಆ ಕಿರಣವನ್ನೇ ತಡೆಯುತ್ತದೆ! ಬಾಲ್ಕನಿಯಲ್ಲಿ ಬೆಳಗಿನ ಬಿಸಿಲಿಗೆ ಇಡಿ. ಅರ್ಧ ಭಾಗ ನೆರಳಿರಲಿ, ಮೇಲೆ ಜಾಲರಿ ಮುಚ್ಚಿ. ಕಾಗೆ ಹೊಂಚು ಹಾಕುತ್ತಲೇ ಇರುತ್ತದೆ. ಬಿಸಿಲೇ ಬರದ ಫ್ಲ್ಯಾಟ್ ಆದರೆ ಯುವಿಬಿ ದೀಪ ಹಾಕಿ, ದಿನಕ್ಕೆ 10–12 ಗಂಟೆ. ದೀಪ ಉರಿಯುತ್ತಿದ್ದರೂ ವರ್ಷದೊಳಗೆ ಅದರ ಯುವಿಬಿ ಕುಗ್ಗಿರುತ್ತದೆ, ಬದಲಿಸಬೇಕು.

ನೀರು 24ರಿಂದ 27 ಡಿಗ್ರಿ ಬೆಚ್ಚಗಿರಲಿ. ಬೆಂಗಳೂರಿನ ಡಿಸೆಂಬರ್ ಚಳಿಗೆ ಹೀಟರ್ ಬೇಕಾಗುತ್ತದೆ. ಆಮೆ ಮೀನಿಗಿಂತ ಜಾಸ್ತಿ ಗಲೀಜು ಮಾಡುತ್ತದೆ. ಹಾಗಾಗಿ ತೊಟ್ಟಿಯ ಎರಡರಷ್ಟು ನೀರಿಗೆ ಹೊಂದುವ ಫಿಲ್ಟರ್ ಕೊಳ್ಳಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಬೇರೆ ಬೇಸಿನ್ನಿನಲ್ಲಿ ಊಟ ಹಾಕಿದರೆ ಅರ್ಧ ಕೆಲಸ ಉಳಿಯುತ್ತದೆ.

ಊಟ ಸುಲಭ. ಮರಿಗೆ ದಿನಾ ಅದರ ತಲೆಯಷ್ಟು ಪೆಲೆಟ್ (ಅಂಗಡಿಯಲ್ಲಿ ಸಿಗುವ ಕಾಳಿನಂಥ ಆಹಾರ), ದೊಡ್ಡದಾದ ಮೇಲೆ ಎರಡು ದಿನಕ್ಕೊಮ್ಮೆ. ಜೊತೆಗೆ ಲೆಟ್ಯೂಸ್, ಕ್ಯಾರೆಟ್ ತುರಿ. ಪಾಲಕ್ ಅಪರೂಪಕ್ಕೆ ಸಾಕು, ಅದು ಕ್ಯಾಲ್ಸಿಯಂ ಹೀರಲು ಬಿಡುವುದಿಲ್ಲ. ಬರೀ ಒಣ ಸೀಗಡಿ ಹಾಕಬೇಡಿ, ಎಷ್ಟೇ ಆಸೆಪಟ್ಟು ತಿಂದರೂ.

ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಆಮೆಯ ಮೈಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಇದೇ ಕಾರಣಕ್ಕೆ ಅಮೆರಿಕದಲ್ಲಿ 1975ರಿಂದ ನಾಲ್ಕಿಂಚಿಗಿಂತ ಸಣ್ಣ ಆಮೆಗಳ ಮಾರಾಟಕ್ಕೆ ನಿಷೇಧವಿದೆ. ತೊಟ್ಟಿಯನ್ನು ಅಡುಗೆಮನೆ ಸಿಂಕಿನಲ್ಲಂತೂ ತೊಳೆಯಲೇಬೇಡಿ.

ಕಣ್ಣು ಊದಿಕೊಂಡರೆ, ಒಂದು ಪಕ್ಕಕ್ಕೆ ವಾಲಿ ತೇಲಿದರೆ, ಬಾಯಿ ತೆರೆದು ಉಸಿರಾಡಿದರೆ ಕಾಯಬೇಡಿ. ಒದ್ದೆ ಬಟ್ಟೆ ಹಾಸಿದ ಡಬ್ಬಿಯಲ್ಲಿ ವೈದ್ಯರ ಹತ್ತಿರ ಒಯ್ಯಿರಿ. ನಾಯಿ, ಬೆಕ್ಕು ನೋಡುವವರೆಲ್ಲ ಆಮೆ ನೋಡುವುದಿಲ್ಲ. ಫೋನ್ ಮಾಡಿ ಕೇಳಿಕೊಂಡೇ ಹೊರಡಿ.