ರಿಬ್ರೀದರ್ ಡೈವಿಂಗ್: ತೇಲದೆ, ಮುಳುಗದೆ ನಿಲ್ಲುವುದು ಹೇಗೆ?

ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಪಳಗಿದ ಮೇಲೆ ರಿಬ್ರೀದರ್ ಕಲಿಯಲು ಬರುವ ಉಡುಪಿ, ಮಂಗಳೂರಿನ ಹುಡುಗರು ಎಡವುವುದು ಒಂದೇ ಕಡೆ. ಸ್ವಲ್ಪ ಮೇಲೇರಬೇಕೆಂದು ಎದೆ ತುಂಬ ಉಸಿರು ಎಳೆಯುತ್ತಾರೆ. ಏನೂ ಆಗುವುದಿಲ್ಲ. ಸ್ಕೂಬಾದಲ್ಲಿ ಎದೆ ಹಿಗ್ಗಿದರೆ ಮೈ ಮೇಲೇರುತ್ತದೆ, ಬಿಟ್ಟ ಉಸಿರು ಗುಳ್ಳೆಯಾಗಿ ಹೋಗುತ್ತದೆ. ಇಲ್ಲಿ ಅದು ಕೌಂಟರ್‌ಲಂಗ್ ಎಂಬ ಚೀಲ ಸೇರಿ ಮತ್ತೆ ಎದೆಗೇ ಬರುತ್ತದೆ. ಎದೆ ಹಿಗ್ಗಿದಷ್ಟು ಚೀಲ ಕುಗ್ಗುತ್ತದೆ, ಒಟ್ಟು ಗ್ಯಾಸ್ ಅಷ್ಟೇ ಇರುತ್ತದೆ, ತೇಲುವಿಕೆಯೂ ಅಷ್ಟೇ.

ಮೊದಲು ತೂಕ. ಬೋಧಕರ ಎದುರು ಈಜುಕೊಳದಲ್ಲೇ ಸರಿಮಾಡಿಕೊಳ್ಳಿ. ಮಳೆಗಾಲದಲ್ಲಿ ಕಡಲಿಗೆ ಇಳಿಯುವಂತಿಲ್ಲವಲ್ಲ, ಆ ತಿಂಗಳುಗಳು ಇದಕ್ಕೇ ಸರಿ. ಸೀಸವನ್ನೆಲ್ಲ ಸೊಂಟಕ್ಕೆ ಕಟ್ಟಬೇಡಿ, ಕಾಲು ಕೆಳಗೆ ಎಳೆಯುತ್ತದೆ. ಸ್ವಲ್ಪ ಹೆಗಲ ಕಡೆಗೂ ಹಂಚಿ. ಬಕಲ್ ಜಾರುವ ಅಗ್ಗದ ಬೆಲ್ಟ್ ಬೇಡವೇ ಬೇಡ.

ಇಳಿಯುವಾಗ ಚೀಲ ಕುಗ್ಗುತ್ತದೆ, ಡೈಲ್ಯುಯೆಂಟ್ (ಆಮ್ಲಜನಕವನ್ನು ತೆಳುಗೊಳಿಸಲು ಬೆರೆಸುವ ಗ್ಯಾಸ್) ಸೇರಿಸುತ್ತಾ ಹೋಗಿ.

ಆಳ ಮುಟ್ಟಿದ ಮೇಲೆ ಲೂಪಿನಲ್ಲಿ, ಅಂದರೆ ಉಸಿರು ಸುತ್ತುವ ಕೊಳವೆ ಮತ್ತು ಚೀಲದಲ್ಲಿ, ಗ್ಯಾಸ್ ಕಡಿಮೆ ಇರಲಿ. ಮೂಗಿನಿಂದ ಸ್ವಲ್ಪ ಸ್ವಲ್ಪ ಗ್ಯಾಸ್ ಹೊರಬಿಡಿ. ಪೂರ್ತಿ ಉಸಿರು ಎಳೆಯುವಷ್ಟರಲ್ಲಿ ಚೀಲ ಖಾಲಿಯಾಗಿ ಅಂಟಿಕೊಳ್ಳುವಂತಾದಾಗ ನಿಲ್ಲಿಸಿ, ಡೈಲ್ಯುಯೆಂಟ್ ಒಂದು ಚಿಟಿಕೆ ಕೊಡಿ. ಅಷ್ಟೇ ಸಾಕು. ತೇಲುವಿಕೆಯನ್ನು ವಿಂಗ್‌ನಲ್ಲಿ (ಬೆನ್ನಿಗಿರುವ ತೇಲುಚೀಲ) ಮಾತ್ರ ಸರಿಮಾಡಿ, ಲೂಪಿನಲ್ಲಿ ಅಲ್ಲ. ಕಲಿಯುವಾಗ ಡೈಲ್ಯುಯೆಂಟ್ ತಾನೇ ಸೇರಿಸುವ ಸ್ವಯಂಚಾಲಿತ ವಾಲ್ವ್ ನಂಬುವುದಕ್ಕಿಂತ ಕೈಯಲ್ಲೇ ಗುಂಡಿ ಒತ್ತಿ. ಯಾವಾಗ, ಎಷ್ಟು ಸೇರಿತು ಎಂದು ಆಗ ತಿಳಿಯುತ್ತದೆ. ಬಂಡೆ ಎದುರಾದರೆ ಮೇಲೇರಿ ದಾಟಬೇಡಿ, ಸುತ್ತಿ ಹೋಗಿ. ಒಮ್ಮೆ ಏರಿದರೆ ಗ್ಯಾಸ್ ಬಿಡಬೇಕು, ಇಳಿದರೆ ಮತ್ತೆ ತುಂಬಬೇಕು. ಡೈಲ್ಯುಯೆಂಟ್ ಸುಮ್ನೆ ಹಾಳು.

ಹೆಚ್ಚಿನವರಿಗೆ ಹಿಡಿತ ತಪ್ಪುವುದು ಏರುವಾಗ. 30 ಮೀಟರಿನಿಂದ 20ಕ್ಕೆ ಬಂದರೆ ಗ್ಯಾಸ್ ಮೂರನೇ ಒಂದರಷ್ಟು ಹಿಗ್ಗುತ್ತದೆ. ಕೊನೆಯ 10 ಮೀಟರಿನಲ್ಲಿ ಅದು ಎರಡು ಪಟ್ಟಾಗುತ್ತದೆ. ವಿಂಗ್ ಮಾತ್ರವಲ್ಲ, ಲೂಪ್ ಕೂಡ. ಇದರ ಜತೆಗೆ ಏರಿದಂತೆ ಲೂಪಿನಲ್ಲಿ ಆಮ್ಲಜನಕದ ಒತ್ತಡ ಇಳಿಯುತ್ತದೆ, ಅದನ್ನು ಸರಿದೂಗಿಸಲು ಯಂತ್ರ ಆಮ್ಲಜನಕ ಸೇರಿಸುತ್ತದೆ. ಹೊಸಬರು ವಿಂಗ್ ಖಾಲಿ ಮಾಡಿ "ಇನ್ನೂ ಯಾಕೆ ಮೇಲೆ ಹೋಗ್ತಿದೀನಿ?" ಎಂದು ಗಾಬರಿಯಾಗುತ್ತಾರೆ. ಕಾರಣ ಲೂಪಿನಲ್ಲಿದೆ. ಒಂದು ಕೈ ವಿಂಗ್‌ನ ಗ್ಯಾಸ್ ಹೊರಬಿಡುವ ಗುಂಡಿಯ ಮೇಲಿರಲಿ. ಉಸಿರು ಬಿಡುವಾಗ ಮೂಗಿನಿಂದ ಮಾಸ್ಕಿನ ಅಂಚಿಗೆ ಗುಳ್ಳೆ ಬಿಡುತ್ತಾ ಬನ್ನಿ. ಮೇಲೆ ಬಂದಷ್ಟೂ ಜಾಸ್ತಿ ಬಿಡಬೇಕು. ಉಸಿರು ಹಿಡಿಯಲೇಬೇಡಿ, ಹಿಗ್ಗುವ ಗ್ಯಾಸಿಗೆ ಶ್ವಾಸಕೋಶ ಹರಿಯಬಹುದು. ಕಣ್ಣು ಆಮ್ಲಜನಕದ ಅಂಕಿಯ ಮೇಲಿರಲಿ.

ಸೆಟ್‌ಪಾಯಿಂಟ್ (ಯಂತ್ರ ಕಾಯ್ದುಕೊಳ್ಳಬೇಕಾದ ಆಮ್ಲಜನಕದ ಒತ್ತಡ, ಬಾರ್‌ಗಳಲ್ಲಿ) 1.3ರಲ್ಲೇ ಉಳಿದಿದ್ದರೆ ತೊಂದರೆ ಇನ್ನೂ ಹೆಚ್ಚು. 3 ಮೀಟರ್ ಆಳದಲ್ಲಿ ಒಟ್ಟು ಒತ್ತಡವೇ ಸುಮಾರು 1.3 ಬಾರ್. ಅದಕ್ಕಿಂತ ಮೇಲೆ ಶುದ್ಧ ಆಮ್ಲಜನಕ ತುಂಬಿದರೂ 1.3 ಮುಟ್ಟುವುದಿಲ್ಲ. ಯಂತ್ರ ಸುರಿಯುತ್ತಲೇ ಇರುತ್ತದೆ, ನೀವು ಏರುತ್ತಲೇ ಇರುತ್ತೀರಿ. ಈಜುಕೊಳದಲ್ಲಿ ಅಭ್ಯಾಸಕ್ಕೆ 0.7 ಇಡಿ. ಕಡಲಿನಲ್ಲೂ ಕೊನೆಯ ಏರಿಕೆಗೆ ಮೊದಲೇ ಇಳಿಸಿ.

ಬೋಟಿನ ಏಣಿ ಹಿಡಿದ ಮೇಲೆ ಮೊದಲು ವಿಂಗ್ ತುಂಬಿ, ಮೌತ್‌ಪೀಸ್ ಮುಚ್ಚಿ, ಆಮೇಲೆ ಬಾಯಿಂದ ತೆಗೆಯಿರಿ. ತೆರೆದೇ ಬಿಟ್ಟರೆ ಲೂಪಿಗೆ ನೀರು ನುಗ್ಗುತ್ತದೆ.