ಹಳೆಯ ಎಂಜಿಬಿ ಏರಿನಲ್ಲಿ ಮುಗ್ಗರಿಸಿದಾಗ: ದೋಷ ಹುಡುಕುವ ಕ್ರಮ

ತಣ್ಣಗಿರುವಾಗ ಚೆನ್ನಾಗಿ ಓಡಿ, ಹದಿನೈದು ಇಪ್ಪತ್ತು ನಿಮಿಷ ಕಳೆದ ಮೇಲೆ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದೊಡನೆ ಮುಗ್ಗರಿಸತೊಡಗುವ ಎಂಜಿಬಿ ಎಂಬ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಮಾಲೀಕರು ಸಾಮಾನ್ಯವಾಗಿ ಮೊದಲು ಕೈಹಾಕುವುದು ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಕಾರ್ಬುರೇಟರಿಗೆ. ಎಸ್‌ಯು ಕಂಪನಿಯ ಎರಡು ಕಾರ್ಬುರೇಟರುಗಳು ಕಣ್ಣಿಗೆ ಎದುರಾಗಿಯೇ ಕುಳಿತಿರುತ್ತವೆ, ತಿರುಗಿಸಲು ಸ್ಕ್ರೂಗಳೂ ನಟ್ಟುಗಳೂ ಇರುತ್ತವೆ, ಆದ್ದರಿಂದ ಈ ಆಸೆ ಸಹಜವೇ. ಆದರೆ ಇಂಥ ಕಾರುಗಳೊಡನೆ ಹಲವು ವರ್ಷ ಕಳೆದ ಮೇಲೆ ನಾನು ಖಚಿತವಾಗಿ ಹೇಳಬಲ್ಲ ಮಾತೆಂದರೆ, ಕಾರ್ಬುರೇಟರಿನದೆಂದು ತೋರುವ ತೊಂದರೆಗಳಲ್ಲಿ ಬಹುಪಾಲು ಇಗ್ನಿಷನ್ನಿನವು, ಅಂದರೆ ಕಿಡಿ ಕೊಡುವ ವ್ಯವಸ್ಥೆಯವು. ಕಾರ್ಬುರೇಟರನ್ನು ಮುಟ್ಟುವ ಸರದಿ ಎಲ್ಲಕ್ಕಿಂತ ಕೊನೆಗೆ ಬರಬೇಕು.

ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಈ ಕಾರಿನಲ್ಲಿರುವುದು 1798 ಸಿಸಿಯ ನಾಲ್ಕು ಸಿಲಿಂಡರುಗಳ ಬಿಎಂಸಿ (ಬ್ರಿಟಿಷ್ ಮೋಟರ್ ಕಾರ್ಪೊರೇಷನ್) ಬಿ-ಸೀರೀಸ್ ಎಂಜಿನ್. ನಮ್ಮ ಅಂಬಾಸಿಡರ್ ಕಾರಿನ 1489 ಸಿಸಿ ಪೆಟ್ರೋಲ್ ಎಂಜಿನ್ನೂ ಇದೇ ಕುಲಕ್ಕೆ ಸೇರಿದ್ದು. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಲ್ಲಿ ಕಿಡಿ ಬೀಳುವ ಸರದಿ, ಎರಡರಲ್ಲೂ 1-3-4-2. ಅಂಬಾಸಿಡರಿನ ಪಾಯಿಂಟ್ (ಕಿಡಿಯ ಸರ್ಕ್ಯೂಟನ್ನು ಕಡಿದು ಕೂಡಿಸುವ ಸಣ್ಣ ಸ್ವಿಚ್ಚು) ಸರಿಮಾಡಿ ಬಲ್ಲ ಹಿರಿಯ ಮೆಕ್ಯಾನಿಕ್‌ಗೆ ಎಂಜಿಬಿಯ ಬಾನೆಟ್ಟಿನ ಕೆಳಗೆ ಅಪರಿಚಿತವಾದದ್ದು ಬಹಳವೇನೂ ಇರುವುದಿಲ್ಲ. ಇಲ್ಲಿ ಕೊಟ್ಟಿರುವ ಅಳತೆಗಳು 1960ರ ದಶಕದ, ಎರಡು ಎಚ್‌ಎಸ್4 ಕಾರ್ಬುರೇಟರುಗಳೂ ಲೂಕಾಸ್ 25ಡಿ4 ಡಿಸ್ಟ್ರಿಬ್ಯೂಟರೂ (ಕಿಡಿಯ ವಿದ್ಯುತ್ತನ್ನು ಪ್ಲಗ್ಗುಗಳಿಗೆ ಹಂಚುವ ಭಾಗ) ಇರುವ ಕಾರಿಗೆ ಸಂಬಂಧಿಸಿದವು.

ಉಪಕರಣ ಕೈಗೆತ್ತಿಕೊಳ್ಳುವ ಮೊದಲು ತೊಂದರೆ ಎಂಥದ್ದೆಂಬುದನ್ನು ಓಡಿಸಿ ತಿಳಿಯಬೇಕು. ಇಗ್ನಿಷನ್ ತಪ್ಪಿದರೆ ಎಂಜಿನ್ ಥಟ್ಟನೆ ಕಡಿದಂತಾಗಿ, ಥಟ್ಟನೆ ಮರಳುತ್ತದೆ. ಕಾರು ಜಗ್ಗುತ್ತದೆ, ಕೆಲವೊಮ್ಮೆ ಸೈಲೆನ್ಸರಿನಲ್ಲಿ ಸಿಡಿದ ಸದ್ದು ಕೇಳುತ್ತದೆ. ಪೆಟ್ರೋಲ್ ಸಾಲದೆ ಬಂದಾಗ ಶಕ್ತಿ ನಿಧಾನವಾಗಿ ಕುಗ್ಗುತ್ತದೆ, ಏರು ಮುಗಿದು ಆಕ್ಸಿಲರೇಟರ್ ಸಡಿಲಿಸಿದ ಸ್ವಲ್ಪ ಹೊತ್ತಿಗೆ ಎಂಜಿನ್ ಚೇತರಿಸಿಕೊಳ್ಳುತ್ತದೆ. 1964ರ ಕೊನೆಯಿಂದೀಚಿನ ಕಾರುಗಳಲ್ಲಿ ಇನ್ನೂ ಒಂದು ಅಮೂಲ್ಯ ಸಾಕ್ಷಿ ಇದೆ. ಅವುಗಳ ಆರ್‌ಪಿಎಂ ಮೀಟರ್ ವಿದ್ಯುತ್ತಿನಿಂದ ನಡೆಯುತ್ತದೆ, ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಕಾಯಿಲಿನ ಪ್ರೈಮರಿ (ಕಡಿಮೆ ವೋಲ್ಟೇಜಿನ) ಸರ್ಕ್ಯೂಟಿನ ಮಿಡಿತವನ್ನೇ ಎಣಿಸುತ್ತದೆ. ಎಂಜಿನ್ ಮುಗ್ಗರಿಸುವಾಗ ಕಾರು ಅದೇ ವೇಗದಲ್ಲಿ ಉರುಳುತ್ತಿದ್ದರೂ ಮೀಟರಿನ ಮುಳ್ಳು ಸೊನ್ನೆಯತ್ತ ಬಿದ್ದು ಕುಣಿಯುತ್ತಿದ್ದರೆ, ದೋಷ ಸ್ವಿಚ್ಚು, ವೈರು, ಪಾಯಿಂಟ್ ಅಥವಾ ಪಾಯಿಂಟು ಸುಡದಂತೆ ಕಾಯುವ ಕಂಡೆನ್ಸರಿನ ಕಡೆಗಿದೆ ಎಂದು ತಿಳಿಯಬಹುದು. ಮುಳ್ಳು ಸ್ಥಿರವಾಗಿದ್ದು ಎಂಜಿನ್ ಮಾತ್ರ ಮುಗ್ಗರಿಸಿದರೆ ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ರೋಟರ್, ಅದರ ಮೇಲಿನ ಕ್ಯಾಪ್, ಪ್ಲಗ್ ವೈರು ಅಥವಾ ಪೆಟ್ರೋಲಿನ ಕಡೆ ನೋಡಬೇಕು. ಈ ಒಂದು ನೋಟ ಅರ್ಧ ದಿನದ ಕೆಲಸವನ್ನು ಉಳಿಸುತ್ತದೆ. ಪಕ್ಕದಲ್ಲಿ ಕುಳಿತವರಿಗೆ ಮುಳ್ಳಿನ ಮೇಲೆ ಕಣ್ಣಿಡಲು ಹೇಳಿ, ಓಡಿಸುವವರು ರಸ್ತೆಯ ಮೇಲೆ ಕಣ್ಣಿಡಲಿ.

ಮುಂದಿನ ಕೆಲಸ ಎಂಜಿನ್ನಿನ ಒಳಗಿನ ಆರೋಗ್ಯವನ್ನು ತಿಳಿಯುವುದು. ಒತ್ತಡವೇ ಇಲ್ಲದ ಸಿಲಿಂಡರಿಗೆ ಎಷ್ಟು ಒಳ್ಳೆಯ ಕಿಡಿ ಕೊಟ್ಟರೂ ಪ್ರಯೋಜನವಿಲ್ಲ. ಎಂಜಿನ್ ಬಿಸಿಯಿರುವಾಗ ನಾಲ್ಕೂ ಪ್ಲಗ್ ಬಿಚ್ಚಿ, ಕಾಯಿಲಿನ ವೈರನ್ನು ಕಳಚಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸ್ಟಾರ್ಟರ್ ತಿರುಗಿಸಿ ಕಂಪ್ರೆಷನ್ ಅಳೆಯಬೇಕು. 8.8:1 ಕಂಪ್ರೆಷನ್ ಅನುಪಾತದ ಒಳ್ಳೆಯ ಎಂಜಿನ್ 160 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಆಸುಪಾಸು ತೋರಿಸುತ್ತದೆ, ಆದರೆ ಸಂಖ್ಯೆಗಿಂತ ನಾಲ್ಕರ ನಡುವಿನ ಸಮಾನತೆ ಮುಖ್ಯ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಕಡಿಮೆ ತೋರಿಸಿದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಒಡೆದಿರುವ ಸಂಭವ ಹೆಚ್ಚು. ಒಂದೇ ಸಿಲಿಂಡರ್ ಕಡಿಮೆಯಿದ್ದರೆ ಪ್ಲಗ್ ರಂಧ್ರದಿಂದ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ: ಒತ್ತಡ ಏರಿದರೆ ಸವೆದಿರುವುದು ರಿಂಗುಗಳು, ಏರದಿದ್ದರೆ ವಾಲ್ವ್.

ಟ್ಯಾಪೆಟ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಅಂತರ, ನೋಡುವುದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ತಣ್ಣಗಿರುವಾಗ ಅಂತರ 0.38 ಮಿ.ಮೀ., ಅಂದರೆ ಇಂಚಿನ ಸಾವಿರದಲ್ಲಿ 15 ಭಾಗ, ಇರಬೇಕು. ಇರುವ ಎಂಟು ವಾಲ್ವುಗಳಿಗೆ ಹಳಬರು ಒಂಬತ್ತರ ಲೆಕ್ಕ ಬಳಸುತ್ತಾರೆ: ಎಂಟನೆಯದು ಪೂರ್ತಿ ತೆರೆದಿರುವಾಗ ಒಂದನೆಯದನ್ನು, ಆರನೆಯದು ತೆರೆದಿರುವಾಗ ಮೂರನೆಯದನ್ನು, ಹೀಗೆ ಎರಡೂ ಕೂಡಿದರೆ ಒಂಬತ್ತಾಗುವಂತೆ ಹೊಂದಿಸುತ್ತ ಹೋಗಬೇಕು. ಸೀಸವಿಲ್ಲದ ಪೆಟ್ರೋಲಿನಲ್ಲಿ ಹಳೆಯ ಹೆಡ್ಡಿನ ಎಕ್ಸಾಸ್ಟ್ ವಾಲ್ವ್ ಸೀಟು ಸವೆದು ವಾಲ್ವ್ ಒಳಸರಿಯುವುದರಿಂದ ಈ ಅಂತರ ತಾನಾಗಿಯೇ ಮುಚ್ಚಿಕೊಳ್ಳುತ್ತ ಬರಬಹುದು. ಪ್ರತಿ ಸಲ ನೋಡಿದಾಗಲೂ ಒಂದೇ ವಾಲ್ವಿನ ಅಂತರ ಕಡಿಮೆಯಾಗಿದ್ದರೆ ಹೆಡ್ ಬಿಚ್ಚಿ ಗಟ್ಟಿ ಸೀಟು ಕೂರಿಸುವ ಕಾಲ ಬಂದಿದೆ ಎಂದೇ ಅರ್ಥ.

ಇವೆರಡೂ ಸರಿಯಿದ್ದರೆ ಡಿಸ್ಟ್ರಿಬ್ಯೂಟರಿಗೆ ಬನ್ನಿ; ಇಲ್ಲಿ ಸಾವಧಾನ ಬೇಕು. ಪಾಯಿಂಟಿನ ಅಂತರ 0.35ರಿಂದ 0.40 ಮಿ.ಮೀ., ಪ್ಲಗ್ಗಿನದು 0.64 ಮಿ.ಮೀ. ಅಂತರ ಸರಿಮಾಡಿದ ಮೇಲೆ ಬೇಸ್ ಪ್ಲೇಟನ್ನು ಬೆರಳಿನಿಂದ ಮೆಲ್ಲನೆ ಅತ್ತಿತ್ತ ಸರಿಸಿ, ಅದಕ್ಕೆ ಕೂಡಿಸಿದ ಎರಡು ಸಣ್ಣ ವೈರುಗಳನ್ನು ಗಮನಿಸಿ. ಒಂದು ಕಾಯಿಲಿನಿಂದ ಬರುವುದು, ಇನ್ನೊಂದು ಪ್ಲೇಟಿನಿಂದ ಡಿಸ್ಟ್ರಿಬ್ಯೂಟರಿನ ಮೈಗೆ ಹೋಗುವ ಅರ್ತ್ ವೈರು. ಎಂಜಿನ್ನಿನ ಹೀರುವಿಕೆಯಿಂದ ಕಿಡಿಯನ್ನು ಬೇಗ ಬೀಳಿಸುವ ವ್ಯಾಕ್ಯೂಮ್ ಅಡ್ವಾನ್ಸ್ ಪ್ರತಿ ಬಾರಿ ಪ್ಲೇಟನ್ನು ಎಳೆದಾಗಲೂ ಇವು ಮಡಚಿಕೊಳ್ಳುತ್ತವೆ, ಕೊನೆಗೆ ಹೊರಗಿನ ಹೊದಿಕೆ ಸರಿಯಾಗಿಯೇ ಇದ್ದು ಒಳಗಿನ ಎಳೆಗಳು ತುಂಡಾಗುತ್ತವೆ. ನಿಂತಾಗ ಶುದ್ಧವಾಗಿ ಓಡಿ, ಆಕ್ಸಿಲರೇಟರ್ ಒತ್ತಿದೊಡನೆ ಕೆಮ್ಮುವ ಕಾರಿನಲ್ಲಿ ನಾನು ಮೊದಲು ನೋಡುವುದೇ ಈ ವೈರುಗಳನ್ನು. ವೈರನ್ನು ಮೆಲ್ಲನೆ ಎಳೆದಾಗ ರಬ್ಬರಿನಂತೆ ಹಿಗ್ಗಿದರೆ ಒಳಗೆ ತಾಮ್ರ ಉಳಿದಿಲ್ಲ. ಬದಲಿಗೆ ಹಾಕುವ ವೈರು ಬಹು ಸೂಕ್ಷ್ಮ ಎಳೆಗಳದ್ದಾಗಿರಬೇಕು, ಸಾಮಾನ್ಯ ವೈರು ಬೇಗ ಮುರಿಯುತ್ತದೆ. ವ್ಯಾಕ್ಯೂಮ್ ಪೈಪನ್ನು ಬಾಯಿಂದ ಹೀರಿದಾಗ ಪ್ಲೇಟ್ ಸರಿದು, ನಾಲಗೆಯಿಂದ ಮುಚ್ಚಿದಷ್ಟು ಹೊತ್ತು ಹಾಗೆಯೇ ನಿಲ್ಲಬೇಕು. ನಿಲ್ಲದಿದ್ದರೆ ಡಯಾಫ್ರಾಮ್ ಹರಿದಿದೆ.

ಕಂಡೆನ್ಸರ್ ಕೆಟ್ಟಿದೆ ಎಂದು ನೋಡಿ ಹೇಳಲಾಗದು. ತಣ್ಣಗಿದ್ದಾಗ ಕೆಲಸ ಮಾಡಿ ಬಿಸಿಗೆ ಕೈಕೊಡುವುದು ಅದರ ಸ್ವಭಾವ, ಆದ್ದರಿಂದಲೇ ಮೊದಲು ಹೇಳಿದ ಲಕ್ಷಣಕ್ಕೆ ಅದು ತೀರ ಹತ್ತಿರದ ಕಾರಣ. ಕ್ಯಾಪ್ ತೆಗೆದು ಸ್ಟಾರ್ಟರ್ ತಿರುಗಿಸಿದಾಗ ಪಾಯಿಂಟುಗಳ ನಡುವೆ ದಪ್ಪನೆಯ ಹಳದಿ ಕಿಡಿ ಕಾಣುವುದು ಮತ್ತು ಪಾಯಿಂಟುಗಳು ಬಹುಬೇಗ ಸುಟ್ಟು ಗುಳಿಬೀಳುವುದು ಅದರ ಗುರುತು. ನನ್ನ ಕಾರಿಗೆ ಸರ್ವಿಸ್ ಸಮಯದಲ್ಲಿ ಹಾಕಿದ್ದ ಹೊಸ ಕಂಡೆನ್ಸರ್ ಕೆಲವೇ ದಿನಗಳಲ್ಲಿ ಹೀಗೆ ಕೆಟ್ಟಿತ್ತು. ಹೊಸದಲ್ಲವೇ ಎಂಬ ನಂಬಿಕೆಯಿಂದ ಅದನ್ನು ಬಿಟ್ಟು ಉಳಿದೆಲ್ಲವನ್ನೂ ಬಿಚ್ಚಿ ನೋಡಿ ಎರಡು ವಾರ ಕಳೆದೆ. ಡಿಕ್ಕಿಯಲ್ಲಿ ಇಟ್ಟಿದ್ದ ಹಳೆಯ ಕಂಡೆನ್ಸರನ್ನು ಮರಳಿ ಹಾಕಿದ ದಿನ ಕಾರು ಅದೇ ಏರನ್ನು ಒಂದೇ ಉಸಿರಿಗೆ ಹತ್ತಿತು. ಆದ್ದರಿಂದ ಕೆಲಸ ಮಾಡುತ್ತಿದ್ದ ಹಳೆಯ ಭಾಗವನ್ನು ಎಸೆಯಬೇಡಿ, ಮತ್ತು ಇತ್ತೀಚೆಗೆ ಬದಲಿಸಿದ ಭಾಗವನ್ನೇ ಮೊದಲು ಶಂಕಿಸಿ.

ರೋಟರಿನ ಪರೀಕ್ಷೆ ಸುಲಭ. ಕ್ಯಾಪ್ ತೆಗೆದು, ಕಾಯಿಲಿನ ದಪ್ಪ ವೈರಿನ ತುದಿಯನ್ನು ಪ್ಲಾಸ್ಟಿಕ್ ಹಿಡಿಯ ಇಕ್ಕಳದಿಂದ ರೋಟರಿನ ನಡುವಿನ ಹಿತ್ತಾಳೆಗೆ ಸುಮಾರು ಮೂರು ಮಿ.ಮೀ. ಮೇಲೆ ಹಿಡಿದು, ಇಗ್ನಿಷನ್ ಹಾಕಿ ಪಾಯಿಂಟನ್ನು ಒಣ ಕಡ್ಡಿಯಿಂದ ತೆರೆದು ಮುಚ್ಚಿ. ಕಿಡಿ ಹಾರಿ ರೋಟರಿಗೆ ಬಿದ್ದರೆ ಒಳಗಿನ ಇನ್ಸುಲೇಷನ್ ಒಡೆದು ವಿದ್ಯುತ್ತು ಶಾಫ್ಟಿನ ಮೂಲಕ ಹೋಗುತ್ತಿದೆ. ಕ್ಯಾಪ್ ಒಳಗೆ ಪೆನ್ಸಿಲ್ ಗೆರೆಯಂಥ ಕಪ್ಪು ಬಿರುಕು ಇದೆಯೇ, ನಡುವಿನ ಕಾರ್ಬನ್ ಬ್ರಷ್ ಸ್ಪ್ರಿಂಗಿನೊಡನೆ ಆಡುತ್ತಿದೆಯೇ ನೋಡಿ. ಬ್ಯಾಲಸ್ಟ್ (ಕಾಯಿಲಿಗೆ ಹೋಗುವ ವಿದ್ಯುತ್ತನ್ನು ತಗ್ಗಿಸುವ ರೆಸಿಸ್ಟರ್) ಇಲ್ಲದ ಕಾರಿನ ಕಾಯಿಲಿನ ಪ್ರೈಮರಿ ಸುಮಾರು 3 ಓಮ್ ತೋರಿಸಬೇಕು, 1.5 ಓಮ್ ತೋರಿಸಿದರೆ ಅದು ಬ್ಯಾಲಸ್ಟ್ ಕಾರಿನ ಕಾಯಿಲ್, ಈ ಕಾರಿನಲ್ಲಿ ಅತಿಯಾಗಿ ಬಿಸಿಯಾಗಿ ಪಾಯಿಂಟನ್ನೂ ಸುಡುತ್ತದೆ. 1967ರವರೆಗಿನ ಎಂಜಿಬಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯೇ ಅರ್ತ್ ಆಗಿರುವುದರಿಂದ ಎಲೆಕ್ಟ್ರಾನಿಕ್ ಇಗ್ನಿಷನ್ ಕೂರಿಸುವವರು ಕಾರು ಈಗ ಯಾವ ಕ್ರಮದಲ್ಲಿದೆ ಎಂದು ಖಾತ್ರಿ ಮಾಡಿಕೊಳ್ಳಲೇಬೇಕು.

ಟೈಮಿಂಗ್, ಅಂದರೆ ಕಿಡಿ ಬೀಳುವ ಹೊತ್ತು, ಹೊಂದಿಸುವುದು ಪಾಯಿಂಟ್ ಅಂತರ ಸರಿಮಾಡಿದ ಮೇಲೆಯೇ, ಏಕೆಂದರೆ ಅಂತರ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಈ ಎಂಜಿನ್ನಿಗೆ ನಿಂತ ಸ್ಥಿತಿಯಲ್ಲಿ ಟಿಡಿಸಿಗೆ (ಪಿಸ್ಟನ್ ತುತ್ತತುದಿ ಮುಟ್ಟುವ ಬಿಂದುವಿಗೆ) 10 ಡಿಗ್ರಿ ಮುಂಚೆ. ಸ್ಟ್ರೋಬ್ ದೀಪವಿದ್ದರೆ ವ್ಯಾಕ್ಯೂಮ್ ಪೈಪ್ ಕಳಚಿ, ಎಂಜಿನ್ ವೇಗ ಏರಿಸಿದಂತೆ ಗುರುತು ಜಿಗಿಯದೆ ನಯವಾಗಿ ಮುಂದೆ ಸರಿಯುತ್ತದೆಯೇ ಎಂದು ನೋಡಿ. ಸರಿಯದೆ ನಿಂತರೆ ಪ್ಲೇಟಿನ ಕೆಳಗಿನ ತೂಕಗಳು ತುಕ್ಕಿನಿಂದ ಅಂಟಿಕೊಂಡಿವೆ.

ಪೆಟ್ರೋಲಿನ ಪರೀಕ್ಷೆಯನ್ನು ಬಯಲಿನಲ್ಲಿ, ಎಂಜಿನ್ ತಣ್ಣಗಿರುವಾಗ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು ಮಾಡಿ. ಹಿಂಬದಿಯಲ್ಲಿರುವ ಎಸ್‌ಯು ಪಂಪು ಸ್ವಿಚ್ ಹಾಕಿದಾಗ ಟಿಕ್ ಟಿಕ್ ಎಂದು ಬಡಿದು, ಕಾರ್ಬುರೇಟರ್ ತುಂಬಿದ ಮೇಲೆ ಸುಮ್ಮನಾಗಬೇಕು. ನಿಲ್ಲದೆ ವೇಗವಾಗಿ ಬಡಿಯುತ್ತಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ ಅಥವಾ ಟ್ಯಾಂಕ್ ಬರಿದಾಗಿದೆ. ಬಡಿಯದೆ ನಿಂತು, ಮೆಲ್ಲನೆ ತಟ್ಟಿದಾಗ ಎಚ್ಚರಗೊಂಡರೆ ಪಂಪಿನ ಒಳಗಿನ ಪಾಯಿಂಟ್ ಸುಟ್ಟಿದೆ. ಕಾರ್ಬುರೇಟರ್ ಪೈಪನ್ನು ಕಳಚಿ ಗಾಜಿನ ಪಾತ್ರೆಗೆ ಬಿಟ್ಟರೆ ಒಂದು ನಿಮಿಷದಲ್ಲಿ ಅರ್ಧ ಲೀಟರಿಗೂ ಹೆಚ್ಚು ಪೆಟ್ರೋಲ್ ಗುಳ್ಳೆಯಿಲ್ಲದೆ ಬರಬೇಕು. ಕೆಲವು ಕಿಲೋಮೀಟರ್ ಓಡಿದ ಮೇಲಷ್ಟೇ ತೊಂದರೆ ಬರುವುದಾದರೆ, ಬಂದ ಕೂಡಲೇ ನಿಂತು ಟ್ಯಾಂಕಿನ ಮುಚ್ಚಳ ತೆರೆಯಿರಿ. ಸುಯ್ಯೆಂದು ಗಾಳಿ ಒಳಗೆ ಹೋಗಿ ಕಾರು ಸರಿಯಾದರೆ ಗಾಳಿಯ ದಾರಿ ಮುಚ್ಚಿದೆ. ಬ್ರಿಟನ್ನಿನಲ್ಲಿ 2021ರಿಂದ ಸಾಮಾನ್ಯ ಪೆಟ್ರೋಲಿನಲ್ಲಿ 10 ಶೇಕಡಾದವರೆಗೂ, ಭಾರತದಲ್ಲಿ ಈಗ 20 ಶೇಕಡಾದವರೆಗೂ ಎಥನಾಲ್ ಇರುವುದರಿಂದ ಹಳೆಯ ರಬ್ಬರ್ ಪೈಪುಗಳು ಒಳಗಿಂದಲೇ ಕರಗಿ ಚೂರಾಗುತ್ತವೆ. ಕಾರ್ಬುರೇಟರಿಗೆ ಸೇರಿದ, ಪೆಟ್ರೋಲ್ ನಿಲ್ಲುವ ಫ್ಲೋಟ್ ಬೌಲಿನ ತಳದಲ್ಲಿ ಕಪ್ಪು ಚೂರುಗಳು ಕಂಡರೆ ಪೈಪುಗಳೆಲ್ಲವನ್ನೂ ಎಥನಾಲ್ ತಾಳುವ ಬಗೆಗೆ ಬದಲಿಸಿ, ಸೋರಿಕೆಯ ಅಪಾಯ ಸಣ್ಣದಲ್ಲ.

ಈಗ ಕಾರ್ಬುರೇಟರ್. ಮುಂದಿನದು 1 ಮತ್ತು 2ನೆಯ ಸಿಲಿಂಡರುಗಳಿಗೆ, ಹಿಂದಿನದು 3 ಮತ್ತು 4ಕ್ಕೆ ಉಣಿಸುತ್ತದೆ, ಹೀಗಾಗಿ ಪ್ಲಗ್ಗುಗಳ ಬಣ್ಣ ಜೋಡಿ ಜೋಡಿಯಾಗಿ ಬೇರೆಯಾಗಿದ್ದರೆ ಮಾತ್ರ ಕಾರ್ಬುರೇಟರನ್ನು ದೂರಲು ಆಧಾರವಿದೆ. ಮೇಲಿನ ಡ್ಯಾಂಪರ್ ಬಿಚ್ಚಿ ಎಸ್‌ಎಇ 20 ಆಯಿಲ್ ಇದೆಯೇ ನೋಡಿ. ಬತ್ತಿದ್ದರೆ ಆಕ್ಸಿಲರೇಟರ್ ಒತ್ತಿದ ಕ್ಷಣ ಎಂಜಿನ್ ತಡವರಿಸುತ್ತದೆ. ಡ್ಯಾಂಪರ್ ಹೊರಗಿರುವಾಗ ಕಾರ್ಬುರೇಟರಿನೊಳಗಿನ ಪಿಸ್ಟನ್ನನ್ನು ಎತ್ತಿ ಬಿಟ್ಟರೆ ಟಕ್ ಎಂದು ಬೀಳಬೇಕು. ಚೋಕ್ ಒಳಗೆ ತಳ್ಳಿದ ಮೇಲೆ ಪೆಟ್ರೋಲ್ ಬಿಡುವ ಎರಡೂ ಜೆಟ್ಟುಗಳು ಪೂರ್ತಿ ಮೇಲೆ ಮರಳಿವೆಯೇ ಎಂಬುದನ್ನು ಬೆರಳಿನಿಂದ ತಳ್ಳಿ ಖಚಿತಪಡಿಸಿಕೊಳ್ಳಿ. ಥ್ರಾಟಲ್ ಸ್ಪಿಂಡಲ್ ಸವೆದು ಅಲುಗಾಡುತ್ತಿದ್ದರೆ ಅಲ್ಲಿಂದ ಗಾಳಿ ನುಗ್ಗುತ್ತಿರುತ್ತದೆ, ಅದಕ್ಕೆ ಬುಷ್ ಹಾಕಿಸುವ ತನಕ ಯಾವ ಹೊಂದಾಣಿಕೆಯೂ ನಿಲ್ಲದು.

ಮಿಶ್ರಣದ ಪರೀಕ್ಷೆಗೆ ಬಿಸಿಯಾದ ಎಂಜಿನ್ ಓಡುತ್ತಿರುವಾಗ ಪಿಸ್ಟನ್ನನ್ನು ಕೆಳಗಿನ ಪಿನ್ನಿನಿಂದ ಸುಮಾರು 0.8 ಮಿ.ಮೀ. ಎತ್ತಬೇಕು. ವೇಗ ಏರಿ ಏರಿಯೇ ನಿಂತರೆ ಪೆಟ್ರೋಲ್ ಹೆಚ್ಚು, ಎಂಜಿನ್ ಕುಸಿದರೆ ಪೆಟ್ರೋಲ್ ಕಡಿಮೆ, ಕ್ಷಣ ಮಾತ್ರ ಏರಿ ಮೊದಲಿನಂತಾದರೆ ಸರಿ. ಜೆಟ್ಟಿನ ಕೆಳಗಿನ ನಟ್ಟನ್ನು ಒಂದು ಸಲಕ್ಕೆ ಒಂದೇ ಮುಖದಷ್ಟು ತಿರುಗಿಸಿ, ಕೆಳಗಿಳಿಸಿದರೆ ಪೆಟ್ರೋಲ್ ಹೆಚ್ಚುತ್ತದೆ, ಮೇಲೇರಿಸಿದರೆ ಕಡಿಮೆಯಾಗುತ್ತದೆ. ಪ್ರತಿ ತಿರುವನ್ನೂ ಪುಸ್ತಕದಲ್ಲಿ ಬರೆದುಕೊಂಡು, ಒಂದು ಬದಲಾವಣೆಯ ನಂತರ ಅದೇ ರಸ್ತೆಯ ಅದೇ ಏರಿನಲ್ಲಿ, ಎಂಜಿನ್ ಅಷ್ಟೇ ಬಿಸಿಯಾದ ಮೇಲೆ ಓಡಿಸಿ ನೋಡಿದ ಬಳಿಕವೇ ಇನ್ನೊಂದನ್ನು ಮುಟ್ಟಿ.