ಐವತ್ತು ದಿನದ ಸೊಪ್ಪಿಗೆ ಆರು ತಿಂಗಳ ಗೊಬ್ಬರ

ಸುಂಟಿಕೊಪ್ಪದ ಸಮೀಪ, ನಮ್ಮ ಕಾಫಿ ಕಣದ ಪಕ್ಕದ ಬಯಲಿನಲ್ಲಿ, ಹತ್ತು ಮೀಟರ್ ಉದ್ದ ಮತ್ತು ಒಂದು ಮೀಟರ್ ಅಗಲದ ಹದಿನಾಲ್ಕು ಏರುಮಡಿಗಳಲ್ಲಿ ನಾನು ಲೆಟ್ಯೂಸ್, ರಾಕೆಟ್ ಸೊಪ್ಪು ಮತ್ತು ಪಾಲಕ್ ಬೆಳೆಯುತ್ತಿದ್ದೇನೆ. ಕೊಳ್ಳುವವರಲ್ಲಿ ಹೆಚ್ಚಿನವರು ಮಡಿಕೇರಿ ಹಾಗೂ ಕುಶಾಲನಗರದ ಹೋಂಸ್ಟೇಗಳವರು. ಹಸಿಯಾಗಿಯೇ ತಿನ್ನುವ ಸೊಪ್ಪಾದ್ದರಿಂದ ಎಲೆ ಹಳದಿಯಾದರೂ ಅವರು ಒಪ್ಪುವುದಿಲ್ಲ, ನೀರು ತುಂಬಿ ಮೆತ್ತಗಾದರೂ ಒಪ್ಪುವುದಿಲ್ಲ.

ಮೊದಲ ಎರಡು ವರ್ಷ ನಾನು ಸಾರಜನಕದ ಗೊಬ್ಬರವಾದ ಯೂರಿಯಾವನ್ನು ನಾಟಿಗೆ ಮುನ್ನ ಒಂದೇ ಸಲ ಕೊಡುತ್ತಿದ್ದೆ. ತುಲಾ ಸಂಕ್ರಮಣ ಕಳೆದು ನಾಟಿ ಮಾಡಿದ ಗಿಡಗಳು ಎರಡು ವಾರ ಚೆನ್ನಾಗಿ ಬಂದು, ಹಿಂಗಾರಿನ ಎರಡು ದೊಡ್ಡ ಮಳೆ ಬಿದ್ದ ಮೇಲೆ ಬುಡದ ಎಲೆಗಳಿಂದ ಹಳದಿಯಾಗತೊಡಗುತ್ತಿದ್ದವು. ಕಾರಣ ಸರಳವಾದುದು. ಯೂರಿಯಾ ಮಣ್ಣಿನಲ್ಲಿ ಕೆಲವೇ ದಿನಗಳಲ್ಲಿ ಅಮೋನಿಯಂ ಆಗುತ್ತದೆ. ಅದನ್ನು ಜೇಡಿಯ ಕಣಗಳು ಹಿಡಿದಿಟ್ಟುಕೊಳ್ಳುತ್ತವೆ. ಆದರೆ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸಿದ ಬಳಿಕ ಹಿಡಿದಿಡುವವರು ಯಾರೂ ಇಲ್ಲ, ಮಳೆನೀರಿನೊಡನೆ ಅದು ಕೆಳಕ್ಕೆ ಇಳಿದುಬಿಡುತ್ತದೆ. ಕಾಫಿಯ ಬೇರು ಅದನ್ನು ಆಳದಲ್ಲಿ ಹುಡುಕಿಕೊಂಡೀತು. ಲೆಟ್ಯೂಸಿನ ಬೇರು ಬಹುಪಾಲು ಮೇಲಿನ ಒಂದು ಅಡಿಯಲ್ಲೇ ಉಳಿಯುತ್ತದೆ.

ನಾವು ಬಳಸುವುದು ಬೇವು ಲೇಪಿತ ಯೂರಿಯಾ ತಾನೇ, ಅದು ನಿಧಾನವಾಗಿ ಕರಗುವುದಿಲ್ಲವೇ ಎಂದು ನೆರೆಯ ತೋಟದವರು ಕೇಳಿದ್ದರು. 2015ರಿಂದ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನೆಣ್ಣೆಯ ಲೇಪ ಕಡ್ಡಾಯವಾಗಿದೆಯಾದರೂ, ಆ ಲೇಪ ಯೂರಿಯಾ ನೀರಿನಲ್ಲಿ ಕರಗುವುದನ್ನು ಹೇಳಿಕೊಳ್ಳುವಷ್ಟು ತಡೆಯುವುದಿಲ್ಲ. ಅಮೋನಿಯಂ ನೈಟ್ರೇಟ್ ಆಗುವ ಹಂತವನ್ನು ಮಾತ್ರ ಸ್ವಲ್ಪ ಕಾಲ ಮುಂದೂಡುತ್ತದೆ. ನಮ್ಮ ಮಳೆಗೆ ಆ ಸ್ವಲ್ಪ ಕಾಲ ಸಾಲದು.

ಮೂರನೆಯ ವರ್ಷ ರಾಳದ ಲೇಪವಿರುವ, ಒಳಗಿನದನ್ನು ಸ್ವಲ್ಪಸ್ವಲ್ಪವಾಗಿ ಹೊರಬಿಡುವ, ಸಾಸಿವೆಗಿಂತ ದಪ್ಪನೆಯ ಗೊಬ್ಬರದ ಗುಳಿಗೆಗಳನ್ನು ತಂದೆ. ಚೀಲದ ಮೇಲೆ ಐದರಿಂದ ಆರು ತಿಂಗಳು ಎಂದು ಬರೆದಿತ್ತು. ಹೆಚ್ಚು ಕಾಲ ಬಂದರೆ ಒಳ್ಳೆಯದೇ ಅಲ್ಲವೇ ಎಂದು ನಾನು ಯೋಚಿಸಿದ್ದೇ ತಪ್ಪಾಯಿತು. ಲೆಟ್ಯೂಸ್ ನಾಟಿಯಾದ ನಲವತ್ತೈದು, ಐವತ್ತು ದಿನಕ್ಕೆ ಕೊಯ್ಲಿಗೆ ಬರುತ್ತದೆ, ಮತ್ತು ಅದಕ್ಕೆ ಸಾರಜನಕದ ಹಸಿವು ಇರುವುದು ಕೊನೆಯ ಮೂರು ವಾರಗಳಲ್ಲಿ. ಆ ವೇಳೆಗೆ ಗುಳಿಗೆಗಳು ತಮ್ಮಲ್ಲಿದ್ದುದರ ಸಣ್ಣ ಪಾಲನ್ನಷ್ಟೇ ಬಿಟ್ಟುಕೊಟ್ಟಿದ್ದವು. ಹಳದಿ ಈ ಬಾರಿ ಮಳೆಯಿಂದಲ್ಲ, ನನ್ನ ಲೆಕ್ಕಾಚಾರದಿಂದ ಬಂತು. ಸಾಲದ್ದಕ್ಕೆ ಅವನ್ನು ಮಣ್ಣಿಗೆ ಬೆರೆಸದೆ ಮೇಲೆಯೇ ಚೆಲ್ಲಿದ್ದರಿಂದ ಒಂದು ಬಿರುಮಳೆಗೆ ಎಷ್ಟೋ ಗುಳಿಗೆಗಳು ತೇಲಿ ಮಡಿಗಳ ನಡುವಿನ ಕಾಲುವೆಗೆ ಸೇರಿದವು. ಮುಂದಿನ ಸಲ ಗುದ್ದಲಿಯಿಂದ ಜೋರಾಗಿ ಬೆರೆಸಿದಾಗ ಲೇಪ ಒಡೆದು ಎಳೆಯ ಸಸಿಗಳ ಎಲೆಯಂಚು ಸುಟ್ಟಿತು. ಈಗ ಸಣ್ಣ ಕುಂಟೆಯಿಂದ ಎರಡು ಅಂಗುಲ ಆಳಕ್ಕೆ ಮೆಲ್ಲನೆ ಬೆರೆಸುತ್ತೇನೆ.

ಚೀಲದ ಮೇಲಿನ ಅವಧಿಯನ್ನು ಓದುವುದನ್ನು ಆಮೇಲೆ ಕಲಿತೆ. ತಯಾರಕರು ಅದನ್ನು ಸಾಮಾನ್ಯವಾಗಿ ಸುಮಾರು 21 ಡಿಗ್ರಿ ಸೆಲ್ಸಿಯಸ್ ಮಣ್ಣಿನ ಉಷ್ಣಾಂಶಕ್ಕೆ ಲೆಕ್ಕ ಹಾಕಿರುತ್ತಾರೆ; ಬಿಸಿ ಏರಿದಷ್ಟೂ ಗೊಬ್ಬರ ಬೇಗ ಹೊರಬರುತ್ತದೆ. ಬಯಲುಸೀಮೆಯಲ್ಲಿ ಬೇಗ ಮುಗಿಯುವ ಗುಳಿಗೆ ಕೊಡಗಿನ ಚಳಿಗಾಲದಲ್ಲಿ ಹೇಳಿದಷ್ಟು ಕಾಲ ಉಳಿಯುವುದು ಇದೇ ಕಾರಣಕ್ಕೆ. ಮಾತಿಗಿಂತ ತೂಕ ಲೇಸೆಂದು ನಾನು ಹಳೆಯ ಸೊಳ್ಳೆಪರದೆಯಿಂದ ಪುಟ್ಟ ಚೀಲಗಳನ್ನು ಹೊಲಿದು, ಪ್ರತಿಯೊಂದರಲ್ಲೂ ಹತ್ತು ಗ್ರಾಂ ಗುಳಿಗೆ ಹಾಕಿ ಮಡಿಯಲ್ಲಿ ಹೂತು, ಹದಿನೈದು ದಿನಕ್ಕೊಂದನ್ನು ತೆಗೆದು ತೊಳೆದು ಒಣಗಿಸಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ಕೊಯ್ಲಿನ ದಿನ ಆರು ತಿಂಗಳ ಗುಳಿಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ತೂಕ ಹಾಗೆಯೇ ಇತ್ತು. ಲೇಪದ ತೂಕ ಕರಗುವುದಿಲ್ಲವೆಂಬುದನ್ನು ಕಳೆದು ನೋಡಿದರೂ ಉಳಿದದ್ದು ಬಹಳವೇ.

ಈಗಿನ ಪದ್ಧತಿ ಹೀಗಿದೆ. ಹತ್ತು ಚದರ ಮೀಟರಿನ ಒಂದು ಮಡಿಗೆ ಒಟ್ಟು 100 ಗ್ರಾಂ ಸಾರಜನಕ, ಅಂದರೆ ಹೆಕ್ಟೇರಿಗೆ 100 ಕಿಲೋ. ಅದರಲ್ಲಿ ಸುಮಾರು 40 ಗ್ರಾಂ ಬೇವಿನ ಹಿಂಡಿಯಿಂದ ಬರುತ್ತದೆ. ನೂರಕ್ಕೆ ನಾಲ್ಕರಷ್ಟು ಸಾರಜನಕವೆಂದು ಹಿಡಿದರೆ ಮಡಿಗೊಂದು ಕಿಲೋ, ನಾಟಿಗೆ ಮೂರು ವಾರ ಮೊದಲೇ. ಮತ್ತೆ 35 ಗ್ರಾಂ ಮೂರು ತಿಂಗಳ ಅವಧಿಯ ಗುಳಿಗೆಯಿಂದ. ನನ್ನ ಗೊಬ್ಬರದಲ್ಲಿ ಸಾರಜನಕ ನೂರಕ್ಕೆ ಹದಿನೈದು ಇರುವುದರಿಂದ ಅದು 230 ಗ್ರಾಂ ಆಗುತ್ತದೆ. ಉಳಿದ 25 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್‌ನಿಂದ, 160 ಗ್ರಾಂನಷ್ಟನ್ನು ಎರಡು ಪಾಲು ಮಾಡಿ ನೀರಿನಲ್ಲಿ ಕರಗಿಸಿ ಹತ್ತನೆಯ ಮತ್ತು ಇಪ್ಪತ್ತೈದನೆಯ ದಿನ ಬುಡಕ್ಕೆ ಹಾಕುತ್ತೇನೆ. ನಮ್ಮ ಮಣ್ಣು ಮೊದಲೇ ಹುಳಿಯಾದ್ದರಿಂದ ಅಮೋನಿಯಂ ಸಲ್ಫೇಟ್ ಮತ್ತು ಗಂಧಕ ಲೇಪಿತ ಯೂರಿಯಾ ಎರಡನ್ನೂ ಸೊಪ್ಪಿನ ಮಡಿಗೆ ತರುವುದಿಲ್ಲ; ಕಾಫಿಗೆ ಕೊಡುವಂತೆ ಸುಣ್ಣವನ್ನು ಇಲ್ಲಿಗೂ ಕೊಡುತ್ತೇನೆ, ಆದರೆ ಯಾವ ಗೊಬ್ಬರದೊಡನೆಯೂ ಬೆರೆಸದೆ, ಬಹಳ ಮೊದಲೇ. ಲೆಟ್ಯೂಸ್ ಕಿತ್ತ ಮಡಿಯಲ್ಲಿ ಗುಳಿಗೆಯ ಉಳಿಕೆ ಇರುತ್ತದೆ, ಅದರ ಮೇಲೆ ರಾಕೆಟ್ ಬಿತ್ತಿದರೆ ಮೂವತ್ತೈದು ದಿನಕ್ಕೆ ಹೊಸ ಗುಳಿಗೆ ಬೇಕಾಗುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ಲಾಸ್ಟಿಕ್ ಮಾಡಿನ ಕೆಳಗಿನ ನಾಲ್ಕು ಮಡಿಗಳಲ್ಲಿ ಮಾತ್ರ ಬೆಳೆಯಿರುತ್ತದೆ. ಅಲ್ಲಿ ಮಳೆ ಬೀಳದ ಕಾರಣ ಸಾರಜನಕ ತೊಳೆದುಹೋಗುವ ಭಯವಿಲ್ಲ. ಇರುವ ತೊಂದರೆ ಬೆಳಕಿನದು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮೋಡದಲ್ಲಿ ಗಿಡ ಹೀರಿದ ನೈಟ್ರೇಟನ್ನು ಪ್ರೋಟೀನಾಗಿ ಮಾಡಿಕೊಳ್ಳಲಾರದೆ ಎಲೆಯಲ್ಲೇ ಕೂಡಿಡುತ್ತದೆ, ಎಲೆ ಕಡುಹಸಿರಾಗಿ ಕಂಡರೂ ಮೆತ್ತಗಾಗಿ ಬೇಗ ಕೊಳೆಯುತ್ತದೆ. ಆದುದರಿಂದ ಆ ತಿಂಗಳುಗಳಲ್ಲಿ ಹಿಂಡಿಯನ್ನು ಮಾತ್ರ ಕೊಟ್ಟು ಗುಳಿಗೆಯನ್ನು ಬಿಟ್ಟುಬಿಡುತ್ತೇನೆ, ಮತ್ತು ಬೆಳಿಗ್ಗೆಗೆ ಬದಲಾಗಿ ಮಧ್ಯಾಹ್ನದ ನಂತರ ಕೊಯ್ಯುತ್ತೇನೆ. ಹಗಲಿನ ಬೆಳಕು ಸಿಕ್ಕ ಮೇಲೆ ಎಲೆಯ ನೈಟ್ರೇಟ್ ಕಡಿಮೆಯಾಗಿರುತ್ತದೆ. ಬಿಸಿಲೇ ಇಲ್ಲದ ದಿನಗಳಾದ್ದರಿಂದ ಸೊಪ್ಪು ಬಾಡುವ ಚಿಂತೆಯೂ ಇಲ್ಲ.

ಗುಳಿಗೆಯ ವಿಷಯದಲ್ಲಿ ನನಗಿನ್ನೂ ಒಂದು ಅಳುಕಿದೆ. ಒಳಗಿನದು ಮುಗಿದರೂ ರಾಳದ ಸಿಪ್ಪೆ ಮಣ್ಣಿನಲ್ಲೇ ಇರುತ್ತದೆ, ಮಡಿ ಕೆದಕಿದಾಗಲೆಲ್ಲ ಮೀನಿನ ಮೊಟ್ಟೆಯಂತೆ ಕೈಗೆ ಸಿಗುತ್ತದೆ. ಈ ವರ್ಷ ಎರಡು ಮಡಿಗಳಲ್ಲಿ ಗುಳಿಗೆಯ ಪಾಲನ್ನೂ ಹಿಂಡಿಗೇ ವರ್ಗಾಯಿಸಿ, ಅರ್ಧವನ್ನು ಬೇವಿನಿಂದ, ಅರ್ಧವನ್ನು ಹೊಂಗೆಯಿಂದ ಕೊಟ್ಟಿದ್ದೇನೆ.